ಹತ್ತಿಂಚಿನ ತೊಲೆ, ಆರಿಂಚಿನ ಗರಗಸ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಯಾರಾದರೂ ಅಳುತ್ತ ಬಂದರೆ ನನಗೆ ಮೊದಲು ಬರುವುದು ಕನಿಕರವಲ್ಲ, ಸಿಟ್ಟು. ನಾನು ಕೇಶವಮೂರ್ತಿ, ದೆಹಲಿಯ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದವನು. ಸೋಮವಾರದ ಅರ್ಜಿಗಳೆಂದರೆ ಈಗಲೂ ಮೈ ಉರಿಯುತ್ತದೆ. ಆದರೆ ಈ ಅರ್ಜಿ ಬಂದದ್ದು ನನ್ನ ಮನೆಗಲ್ಲ, ವಸಂತ್ ಕುಂಜ್‌ನ ನಮ್ಮ ಬ್ಲಾಕಿನ ಮೂರನೆಯ ಮಹಡಿಯ ಲೀಲಾವತಿಯವರ ಮನೆಗೆ. ನಾನು ಎರಡನೆಯ ಮಹಡಿಯವನು. ಅವರ ಮನೆಯ ಪೇಪರ್ ಓದಲು ದಿನಾ ಮೇಲೆ ಹೋಗುತ್ತೇನೆ.

ಲೀಲಾವತಿಯವರು ಅಪರಾಧ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ಹತಾರಗಳ ಗುರುತು ಪರೀಕ್ಷಿಸುವ ಕೆಲಸದಲ್ಲಿದ್ದವರು. ಬೀಗ ಒಡೆದದ್ದು ಸುತ್ತಿಗೆಯೋ ಸರಳೋ ಎಂದು ಗೀರು ನೋಡಿಯೇ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಜನ ಅವರನ್ನು ಬಿಡಲಿಲ್ಲ. ಅವರು ಹೊರಟಲ್ಲಿಗೆಲ್ಲ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ.

ಬಂದವಳು ಸಿಂಚನಾ, ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ಅವಳ ತಾಯಿ ಬದುಕಿದ್ದಾಗ ಕನ್ನಡ ಸಂಘದಲ್ಲಿ ಲೀಲಾವತಿಯವರಿಗೆ ಪರಿಚಯವಾಗಿದ್ದರಂತೆ.

"ಆಂಟಿ, ಅಪ್ಪನ್ನ ಪೊಲೀಸಿಗೆ ಕೊಡ್ತಾರಂತೆ. ತಪ್ಪು ಒಪ್ಪಿಕೊಳ್ಳೋಕೆ ನಾಲ್ಕು ಗಂಟೆ ತನಕ ಟೈಮ್ ಕೊಟ್ಟಿದಾರೆ. ಆಪ್ ಹೀ ಕುಛ್ ಕೀಜಿಯೇ, ನೀವೇ ಏನಾದ್ರೂ ಮಾಡಿ, ಪ್ಲೀಸ್."

"ಮೊದಲು ಕೂತ್ಕೋ. ನಿಮ್ಮಪ್ಪ ಏನು ಮಾಡಿದ್ರು ಅಂತಾರೆ?"

ಸಿಂಚನಾ ಮೂಗು ಒರೆಸಿಕೊಂಡು ಹೇಳಿದ್ದು ಇಷ್ಟು. ಅವಳ ತಂದೆ ಗುಂಡಣ್ಣ ಫರೀದಾಬಾದಿನ ಮರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ದೊಡ್ಡ ಬಡಗಿ. ಮಾಲೀಕರು ಅನಂತಮೂರ್ತಿ. ಫಾರ್ಮ್‌ಹೌಸ್‌ಗಳಿಗೆ ಭಾರಿ ಕಂಬ, ತೊಲೆಗಳನ್ನು ಮಾಡಿಕೊಡುವುದು ಅಲ್ಲಿನ ಕಸುಬು. ಕರೋಲ್ ಬಾಗ್‌ನಲ್ಲಿ ಒಬ್ಬ ಹಿರಿಯ ಹೆಂಗಸು ತನ್ನ ಅಜ್ಜನ ಮನೆ ಕೆಡವಿದಾಗ ಅದರ ತೇಗದ ತೊಲೆಯೊಂದನ್ನು ಇಲ್ಲಿಗೆ ಕಳಿಸಿದ್ದರು, ಹೊಸ ಮನೆಯ ಸೂರಿಗೆ ಅದನ್ನೇ ಏರಿಸಬೇಕೆಂದು. ಹತ್ತಿಂಚು ದಪ್ಪ, ಹತ್ತಿಂಚು ಅಗಲ, ಇಪ್ಪತ್ತೆರಡು ಅಡಿ ಉದ್ದ. ಅಂಥದ್ದು ಈಗ ಹುಡುಕಿದರೂ ಸಿಗುವುದಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಅದು ನಡುವೆ ಎರಡು ತುಂಡಾಗಿ ಬಿದ್ದಿತ್ತು.

"ಕೊಯ್ದಿರೋದು ದೊಡ್ಡ ಗರಗಸದಲ್ಲಿ ಆಂಟಿ. ಅದರ ಪೆಟ್ಟಿಗೆ ಬೀಗದ ಕೈ ಇರೋದು ಅಪ್ಪನ ಹತ್ರ. ಶನಿವಾರ ಯಜಮಾನ್ರ ಜೊತೆ ಜಗಳ ಬೇರೆ ಆಗಿತ್ತು."

"ಯಾಕೆ ಜಗಳ?"

"ಹುಷಾರು, ಹುಷಾರು ಅಂತ ಅವರು ಹತ್ತು ಸಲ ಹೇಳಿದ್ರಂತೆ. ಅಪ್ಪಂಗೆ ಗುಸ್ಸಾ ಬಂತು. 'ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಹೇಳಿ, ಎರಡು ತುಂಡು ಮಾಡಿ ಬಿಸಾಕ್ತೀನಿ' ಅಂದುಬಿಟ್ರು. ಎಲ್ಲರೂ ಕೇಳಿದಾರೆ."

ನಾನು ಮನಸ್ಸಿನಲ್ಲೇ ಫೈಲು ಮುಚ್ಚಿದೆ. ಮಾತು ಆಡಿದವನು ಅವನು, ಬೀಗದ ಕೈ ಅವನದು, ಭಾನುವಾರ ಮನೆಯಲ್ಲಿ ಒಬ್ಬನೇ ಇದ್ದನಂತೆ. ಇನ್ನೇನು ಬೇಕು? ಲೀಲಾವತಿಯವರಿಗೆ ಕಣ್ಣಲ್ಲೇ ಹೇಳಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಕಂಪ್ಲೇಂಟ್ ಬಿದ್ರೆ ಆ ಗಲ್ಲಿಯಲ್ಲಿ ಅಪ್ಪಂಗೆ ಇನ್ನು ಯಾರೂ ಕೆಲಸ ಕೊಡಲ್ಲ" ಎಂದಳು ಸಿಂಚನಾ. "ಬೆಳಿಗ್ಗೆಯಿಂದ ಒಂದು ಗ್ಲಾಸ್ ನೀರೂ ಕುಡಿದಿಲ್ಲ. ನಾನಲ್ಲ, ನಾನಲ್ಲ ಅಂತ ಅಷ್ಟೇ ಅಂತಿದಾರೆ."

"ಚಲೋ, ಹೊರಡಿ ಮೂರ್ತಿಗಳೇ" ಎಂದು ಲೀಲಾವತಿಯವರು ಚಪ್ಪಲಿ ಮೆಟ್ಟಿದರು.

ಫರೀದಾಬಾದ್ ಮುಟ್ಟುವಷ್ಟರಲ್ಲಿ ಹನ್ನೊಂದೂಮುಕ್ಕಾಲು. ಕಾರ್ಖಾನೆಯ ಗೇಟಿನ ಹೊರಗೆ, ಮರದ ದಿಮ್ಮಿಯೊಂದರ ಮೇಲೆ ಗುಂಡಣ್ಣ ಕೂತಿದ್ದರು. ಐವತ್ತೈದರ ಗಟ್ಟಿ ಆಳು, ಮುಖ ಮಾತ್ರ ಬೂದಿಯಾಗಿತ್ತು. ನಮ್ಮನ್ನು ಕಂಡು ಎದ್ದು ಕೈ ಮುಗಿದರು.

"ಒಳಗೆ ಬಿಡ್ತಿಲ್ಲ, ಅಮ್ಮಾ. ದೂರದಿಂದಾನೂ ತೋರಿಸಿಲ್ಲ. ಮೂರು ವಾರ ಕೂತು ಆ ತೊಲೆಯ ಮೊಳೆ ಕಿತ್ತವನು ನಾನು. ನಾನು ಅದನ್ನ ಕೊಯ್ತೀನಾ?"

ಎದುರಿಗೇ ಚಹಾ ಅಂಗಡಿ ಇತ್ತು. ನನಗೆ ಚಹಾ ಬೇಕೇ ಬೇಕಾಗಿತ್ತು. ಅಂಗಡಿಯ ಭಯ್ಯಾ ಗ್ಲಾಸು ಕೊಡುತ್ತಲೇ ತನ್ನ ಗೋಳು ಶುರು ಮಾಡಿದ: ಶನಿವಾರ ಸಂಜೆ ಕಾರ್ಖಾನೆಯಿಂದ ಹೊರಟ ಲಾರಿಯ ಡ್ರೈವರು ತನ್ನ ಹೆಗಲ ಮೇಲಿನ ಕೆಂಪು ವಸ್ತ್ರ, ಗಮ್ಛಾ, ಇಸಕೊಂಡು ಲಾರಿಯ ಹಿಂದೆ ಕಟ್ಟಿಕೊಂಡು ಹೋದ, ವಾಪಸು ಕೊಟ್ಟಿಲ್ಲ, ಹೊಸ ಗಮ್ಛಾ ಅದು. ನಾನು ಅಚ್ಛಾ ಅಚ್ಛಾ ಎನ್ನುತ್ತ ಚಹಾ ಮುಗಿಸಿದೆ. ಇಂಥವರ ಕೈಗೆ ಸಿಕ್ಕರೆ ಗ್ಲಾಸು ಖಾಲಿಯಾದರೂ ಮಾತು ಖಾಲಿಯಾಗುವುದಿಲ್ಲ. ಲೀಲಾವತಿಯವರು ಮಾತ್ರ ನಿಂತು ಕೇಳಿದರು.

ಒಳಗೆ ನಮ್ಮನ್ನು ಎದುರುಗೊಂಡವನು ವಿಕ್ರಮ್, ಅನಂತಮೂರ್ತಿಯವರ ತಂಗಿಯ ಮಗ. ಎಂಬಿಎ ಓದಿ ಎರಡು ವರ್ಷದಿಂದ ಕಾರ್ಖಾನೆಯ ಮೇಲ್ವಿಚಾರಣೆ ಅವನದು. ಇಸ್ತ್ರಿ ಅಂಗಿ, ನಯವಾದ ಮಾತು. ಮರದ ಕಾರ್ಖಾನೆಯಲ್ಲಿ ಅಂಗಿಯ ಮೇಲೆ ಒಂದು ಚೂರು ಹೊಟ್ಟಿಲ್ಲದವನನ್ನು ಕಂಡರೆ ನನಗೆ ಅನುಮಾನ. ಆದರೆ ನನಗೆ ಎಲ್ಲರ ಮೇಲೂ ಅನುಮಾನ ಬರುತ್ತದೆ, ಅದಕ್ಕೆ ಬೆಲೆ ಕೊಡಬೇಡಿ ಎಂದು ಲೀಲಾವತಿಯವರು ಆಗಾಗ ಹೇಳುತ್ತಾರೆ.

"ನೋಡಿ ಆಂಟಿ, ಆದರೆ ಏನೂ ಮುಟ್ಟಬೇಡಿ. ಪೊಲೀಸ್ ಬರೋ ತನಕ ಎವಿಡೆನ್ಸ್ ಹಾಗೇ ಇರಲಿ" ಎಂದ ವಿಕ್ರಮ್.

ಕಚೇರಿಯ ಗೋಡೆಗೆ ಆಳೆತ್ತರದ ಜಾಹೀರಾತು ಅಂಟಿಸಿದ್ದರು. ಅದರಲ್ಲಿ ಆ ಗರಗಸದ ಚಿತ್ರ. ಕೆಳಗೆ ಹಿಂದಿಯಲ್ಲಿ: ಹದಿನಾರಿಂಚಿನ ಚಕ್ರ, ಹತ್ತಿಂಚಿನ ತೊಲೆಯೂ ಒಂದೇ ಎಳೆತಕ್ಕೆ ಎರಡು ತುಂಡು. "ಇದನ್ನ ಬರೆದದ್ದು ಯಾರು?" ಎಂದು ಲೀಲಾವತಿಯವರು ಕೇಳಿದರು.

"ವಿಕ್ರಮನೇ. ಗರಗಸ ತರಿಸಿದ್ದೂ ಅವನೇ, ಕ್ಯಾಟಲಾಗ್ ನೋಡಿ" ಎಂದರು ಒಳಗಿನಿಂದ ಬಂದ ಅನಂತಮೂರ್ತಿ. ಅರವತ್ತು ದಾಟಿದವರು, ತಾವೂ ಇಪ್ಪತ್ತು ವರ್ಷ ಉಳಿ ಹಿಡಿದು ಆಮೇಲೆ ಮಾಲೀಕರಾದವರು. "ನಾನು ಶನಿವಾರ ಮಧ್ಯಾಹ್ನದಿಂದ ನಿನ್ನೆ ರಾತ್ರಿವರೆಗೂ ಮದುವೆಯಲ್ಲಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದೆ, ಹೊಟ್ಟೆ ಉರಿದುಹೋಯ್ತು, ಹಾಗೇ ಆಫೀಸಿಗೆ ಬಂದು ಕೂತೆ. ಆ ಮುದುಕಿಗೆ ಏನಂತ ಮುಖ ತೋರಿಸಲಿ? ತಮ್ಮನ ಹಾಗೆ ನೋಡ್ಕೊಂಡಿದ್ದೆ ಗುಂಡಣ್ಣನನ್ನ."

"ಬೀಗದ ಕೈ ಗುಂಡಣ್ಣನ ಹತ್ತಿರ ಒಂದೇನಾ?"

"ಇನ್ನೊಂದು ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಅದಕ್ಕೆ ಬೀಗ ಇಲ್ಲ."

ಶೆಡ್ಡಿನಲ್ಲಿ ಗುಂಡಣ್ಣನ ಕೈಕೆಳಗಿನ ಬಡಗಿ ಇರ್ಫಾನ್ ನಿಂತಿದ್ದ. ಸಹಾರನ್‌ಪುರದವನು, ಮೂವತ್ತೈದರ ಆಸುಪಾಸು, ಹತ್ತು ವರ್ಷದಲ್ಲಿ ಕನ್ನಡ ಕಲಿತಿದ್ದ. ಗುಂಡಣ್ಣ ಹೋದರೆ ದೊಡ್ಡ ಬಡಗಿ ಇವನೇ ಎಂದು ನನಗೆ ಥಟ್ಟನೆ ಹೊಳೆಯಿತು. ಬೆಳಗಿನ ಫೈಲನ್ನು ಮತ್ತೆ ತೆರೆದು ಇವನ ಹೆಸರು ಸೇರಿಸಿದೆ.

ಲೀಲಾವತಿಯವರು ಮೊದಲು ಗರಗಸ ನೋಡಿದರು. ಕೈಯಲ್ಲಿ ಹಿಡಿಯುವ ಗರಗಸ ಅಂತ ಹೆಸರಿಗೆ. ಎತ್ತಲು ಹೋಗಿ ನನ್ನ ಸೊಂಟ ಚುಳ್ ಎಂದಿತು. ಹದಿನೈದು ಕಿಲೋ ಇದ್ದೀತು. ಚಕ್ರ ಮದುವೆ ಮನೆಯ ಹರಿವಾಣದಷ್ಟು ಅಗಲ. ಅದರ ಅಡಿಯ ತಗಡನ್ನು ಮರದ ಮೇಲೆ ಕೂರಿಸಿ ಎರಡೂ ಕೈಯಿಂದ ತಳ್ಳಬೇಕು.

"ಇರ್ಫಾನ್ ಭಯ್ಯಾ, ಈ ಹತ್ತಿಂಚಿನ ತೊಲೆಯನ್ನ ನೀವು ಹೇಗೆ ಕೊಯ್ತೀರಿ?"

"ಆರಿಂಚು, ಮೇಡಂ. ಅದಕ್ಕಿಂತ ಒಂದು ನೂಲಿನಷ್ಟೂ ಕೆಳಗೆ ಹೋಗಲ್ಲ ಇದು. ಚಕ್ರದ ಅರ್ಧ ಮೇಲೇ ಉಳಿಯುತ್ತೆ, ಮೋಟಾರ್ ಅಡ್ಡ ಬರುತ್ತೆ. ಉಸ್ತಾದ್ ಮೂಲೆಮಟ್ಟ ಇಟ್ಟು ನಾಲ್ಕೂ ಮಗ್ಗುಲಿಗೆ ಗೆರೆ ಹಾಕ್ತಾರೆ. ಮೇಲಿಂದ ಆರಿಂಚು, ಆಮೇಲೆ ಚೈನ್ ಪುಲ್ಲಿಯಲ್ಲಿ ಹೊರಳಿಸಿ ಆ ಕಡೆಯಿಂದ ನಾಲ್ಕು. ಎರಡೂ ಕೊಯ್ತ ಸೇರಿದ ಜಾಗದಲ್ಲಿ ಉಗುರು ಆಡಿಸಿದ್ರೂ ಗೊತ್ತಾಗಬಾರದು."

"ಈ ಕೊಯ್ತ ಯಾರದು ಅನ್ನಿಸುತ್ತೆ?"

ಇರ್ಫಾನ್ ವಿಕ್ರಮನ ಕಡೆ ನೋಡಿ ತಲೆ ತಗ್ಗಿಸಿದ. "ನನ್ನನ್ನೂ ಹತ್ತಿರ ಬಿಟ್ಟಿಲ್ಲ, ಮೇಡಂ."

ತೊಲೆಯ ಎರಡು ತುಂಡುಗಳು ಒಂದರ ಎದುರು ಒಂದು, ನಡುವೆ ಒಂದು ಮಾರು ಬಿಟ್ಟು ಬಿದ್ದಿದ್ದವು. ಕೊಯ್ದ ಮುಖಗಳು ಸುಟ್ಟು ಕಪ್ಪಾಗಿದ್ದವು. ಲೀಲಾವತಿಯವರು ಮಂಡಿಯೂರಿ ಕೂತು, ಸೆರಗು ಸಿಕ್ಕಿಸಿಕೊಂಡು, ಎರಡನ್ನೂ ಒಂದೊಂದಾಗಿ ನೋಡಿದರು. ನನಗೆ ಕಂಡದ್ದನ್ನೂ ಹೇಳಿಬಿಡುತ್ತೇನೆ. ಎರಡು ತುಂಡಿನಲ್ಲೂ ಮೇಲ್ಮಗ್ಗುಲ ಅಂಚಿಗೆ ಪೆನ್ಸಿಲ್ ಗೆರೆಯ ಉಳಿಕೆ ಇತ್ತು, ಬೇರೆ ಮೂರು ಮಗ್ಗುಲಲ್ಲಿ ಇರಲಿಲ್ಲ. ಎರಡರಲ್ಲೂ ಮುಖದ ನಡುವೆ ಮೆಟ್ಟಿಲಿನಂಥ ಏರುಪೇರು. ಮೇಲಿನ ಭಾಗ ತಗ್ಗು, ಕೆಳಗಿನ ಭಾಗ ಉಬ್ಬು. ಒಂದರಲ್ಲಿ ಉಬ್ಬು ಒಂದು ಬೆರಳು ದಪ್ಪ, ಇನ್ನೊಂದರಲ್ಲಿ ಅದರರ್ಧ. ಇಷ್ಟು ಕಂಡರೂ ನನ್ನ ತಲೆಗೆ ಏನೂ ಹೋಗಲಿಲ್ಲ.

"ಆಂಟಿ, ಮುಟ್ಟಬೇಡಿ ಅಂದಿದ್ದೆ" ಎಂದ ವಿಕ್ರಮ್.

"ಮುಟ್ಟಿಲ್ಲಪ್ಪ, ನೋಡಿದೆ" ಎಂದು ಅವರು ಎದ್ದರು. "ಶನಿವಾರ ಇಲ್ಲಿಂದ ಏನೇನು ಮಾಲು ಹೋಯ್ತು?"

"ಸೋಹ್ನಾ ರಸ್ತೆಯ ಫಾರ್ಮ್‌ಹೌಸ್‌ಗೆ ಹದಿನಾಲ್ಕು ಅಡಿಯ ಮೂರು ತೊಲೆ. ಅಷ್ಟೇ."

"ಲೋಡ್ ಮಾಡಿಸಿದ್ದು?"

"ನಾನೇ. ಬಡಗಿಗಳು ಎರಡು ಗಂಟೆಗೇ ಮನೆಗೆ ಹೋಗಿದ್ರು."

"ಲಾರಿ ಎಷ್ಟುದ್ದದ್ದು?"

"ಹದಿನೇಳು ಅಡಿ. ಯಾಕೆ ಆಂಟಿ?"

"ಸುಮ್ಮನೆ ಕೇಳಿದೆ."

ಆಮೇಲೆ ಅವರು ಮೂರು ಕೆಲಸ ಮಾಡಿದರು. ಅನಂತಮೂರ್ತಿಯವರಿಂದ ಫಾರ್ಮ್‌ಹೌಸ್‌ನ ಕಂಟ್ರಾಕ್ಟರ್ ನಂಬರು ಪಡೆದು ಅಂಗಳಕ್ಕೆ ಹೋಗಿ ಫೋನ್ ಮಾಡಿದರು. ಇರ್ಫಾನ್‌ಗೆ ಹೊಟ್ಟಿನ ಚೀಲಗಳನ್ನೆಲ್ಲ ಸುರಿದು ನೋಡಲು ಹೇಳಿದರು. ನನಗೆ ಗೇಟಿನ ಹತ್ತಿರ ನಿಂತು ಒಂದೂ ಚೀಲ ಹೊರಗೆ ಹೋಗದಂತೆ ಕಾಯಲು ಹೇಳಿದರು. ಸೆಕ್ಷನ್ ಆಫೀಸರ್ ಆಗಿದ್ದವನು ಫರೀದಾಬಾದಿನ ಬಿಸಿಲಲ್ಲಿ ಹೊಟ್ಟು ಕಾಯುತ್ತ ನಿಂತೆ. ಮೂರು ಗಂಟೆಗೆ ಹೊಟ್ಟು ಒಯ್ಯುವ ಟೆಂಪೋದವನು ಬಂದ. ಇವತ್ತು ಬೇಗ ಬಾ ಎಂದು ವಿಕ್ರಮ್ ಸಾಹೇಬರು ಫೋನ್ ಮಾಡಿದ್ದರು ಎಂದ. ನಾನು ಸರ್ಕಾರಿ ದನಿಯಲ್ಲಿ ಗದರಿಸಿ ಅವನನ್ನು ಚಹಾ ಅಂಗಡಿಗೆ ಕಳಿಸಿದೆ.

ಮೂರೂವರೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ಗುಂಡಣ್ಣನನ್ನು ಒಳಗೆ ಕರೆಯಬೇಕೆಂದು ಲೀಲಾವತಿಯವರು ಹಟ ಹಿಡಿದರು. ವಿಕ್ರಮ್ ಬೇಡವೆಂದ. ಅನಂತಮೂರ್ತಿ ಮುಖ ತಿರುಗಿಸಿಕೊಂಡೇ "ಬರಲಿ" ಎಂದರು. ಸಿಂಚನಾ ಅಪ್ಪನ ಕೈ ಬಿಡದೆ ಹಿಡಿದುಕೊಂಡಿದ್ದಳು. ಗುಂಡಣ್ಣ ತುಂಡುಗಳನ್ನು ನೋಡಿದವರೇ ಗಕ್ಕನೆ ನಿಂತರು.

"ಇದು ಆ ತೊಲೆ ಅಲ್ಲ" ಎಂದರು.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಅನ್ನೋದು" ಎಂದ ವಿಕ್ರಮ್.

"ಅವರ ಮಾತು ಬೇಡ, ಮರವನ್ನೇ ಕೇಳೋಣ" ಎಂದರು ಲೀಲಾವತಿಯವರು. "ಇರ್ಫಾನ್ ಭಯ್ಯಾ, ಪೆನ್ಸಿಲ್ ಗೆರೆ ಮೇಲೆ ಇರೋ ಹಾಗೇ ಈ ತುಂಡನ್ನ ಚೈನ್ ಪುಲ್ಲಿಗೆ ಹಾಕಿ ಆ ತುಂಡಿಗೆ ತಾಗಿಸಿ."

ಸರಪಳಿ ಗಲಗಲ ಎಂದಿತು. ಎರಡು ತುಂಡುಗಳು ಹತ್ತಿರ ಬಂದು, ಕೆಳಗಿನ ಉಬ್ಬಿಗೆ ಉಬ್ಬು ಢೀ ಕೊಟ್ಟು ನಿಂತವು. ಮೇಲೆ ಮಾತ್ರ ನನ್ನ ಬೆರಳು ಸಲೀಸಾಗಿ ಹೋಗುವಷ್ಟು ಬಿರುಕು.

"ಒಂದು ತೊಲೆಯನ್ನ ಕೊಯ್ದು ಎರಡು ಮಾಡಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂರಬೇಕು. ಇಲ್ಲಿ ಎರಡಕ್ಕೂ ಕೆಳಗೇ ಉಬ್ಬು, ಅದೂ ಬೇರೆ ಬೇರೆ ಅಳತೆ. ಅಂದ್ರೆ ಇವನ್ನ ಬೇರೆ ಬೇರೆಯಾಗಿ ಕೊಯ್ದಿದಾರೆ. ಈಗ ಆ ಸುಟ್ಟ ಮುಖಕ್ಕೆ ಸ್ವಲ್ಪ ಉಜ್ಜುಗೊರಡು ಹಾಕಿ."

ಇರ್ಫಾನ್ ಕಪ್ಪು ಹೆರೆದ. ಒಂದು ತುಂಡಿನಲ್ಲಿ ಮರದ ನಡುತಿರುಳು ಸರಿಯಾಗಿ ಮಧ್ಯದಲ್ಲಿತ್ತು, ಸುತ್ತ ಉಂಗುರಗಳು. ಇನ್ನೊಂದರಲ್ಲಿ ತಿರುಳು ಮೂಲೆಯಲ್ಲಿತ್ತು. ನನ್ನಂಥ ಫೈಲು ಗುಮಾಸ್ತನಿಗೂ ಅರ್ಥವಾಯಿತು, ಇವು ಎರಡು ಬೇರೆ ಮರಗಳು. ಅನಂತಮೂರ್ತಿ ಮೊದಲ ಸಲ ಹತ್ತಿರ ಬಂದು ಬಗ್ಗಿದರು.

"ಅಯ್ಯೋ ಶಿವನೇ! ಹಾಗಾದ್ರೆ ಆ ತೊಲೆ ಎಲ್ಲಿ?"

"ಶನಿವಾರವೇ ಹೋಯ್ತು. ಹದಿನಾಲ್ಕು ಅಡಿಯ ತೊಲೆಗಳು ಹದಿನೇಳು ಅಡಿ ಲಾರಿಯಿಂದ ಹೊರಗೆ ಚಾಚೋದಿಲ್ಲ. ಹಿಂದೆ ಕೆಂಪು ಬಟ್ಟೆ ಕಟ್ಟೋದು ಮಾಲು ಹೊರಗೆ ಚಾಚಿದಾಗ. ಡ್ರೈವರ್ ಚಹಾದವನ ಗಮ್ಛಾ ಯಾಕೆ ಕೇಳಿದ? ಕಂಟ್ರಾಕ್ಟರ್‌ನ ಕೇಳಿದೆ. ಮೂರು ತೊಲೆಯಲ್ಲಿ ಒಂದು ತುಂಬಾ ಉದ್ದ ಇತ್ತು, ಭಾನುವಾರ ಬೆಳಿಗ್ಗೆಯೇ ಹದಿನಾಲ್ಕು ಅಡಿಗೆ ಕೊಯ್ದು ಏರಿಸಿಬಿಟ್ವಿ ಅಂದ. ವಿಕ್ರಮ್‌ಗೂ ಆಗಲೇ ಫೋನ್‌ನಲ್ಲಿ ಹೇಳಿದ್ದನಂತೆ."

ಸಿಂಚನಾ ನಿಧಾನವಾಗಿ ವಿಕ್ರಮನ ಕಡೆ ತಿರುಗಿದಳು.

"ತೊಲೆ ಕಾಣೆಯಾಗಿದೆ ಅಂದಿದ್ರೆ ಎಲ್ಲರೂ ಶನಿವಾರದ ಲಾರಿಯನ್ನ ಕೇಳ್ತಿದ್ರು, ಲೋಡ್ ಮಾಡಿಸಿದ್ದು ಯಾರು ಅಂತ ಕೇಳ್ತಿದ್ರು. ತೊಲೆ ಹಾಳಾಗಿದೆ ಅಂದರೆ ಕೇಳೋದು ಗರಗಸವನ್ನ, ಗುಂಡಣ್ಣನನ್ನ. ಅದಕ್ಕೇ ಈ ನಾಟಕ. ಇದೇ ಶೆಡ್ಡಿನ ಹಳೇ ರಾಶಿಯಿಂದ ಹನ್ನೊಂದಡಿಯ ಎರಡು ತುಂಡು ತಗೊಂಡು, ಒಂದೊಂದು ಕೊನೆ ಹೊಸದಾಗಿ ಕೊಯ್ದು, ಎದುರುಬದುರು ಇಟ್ಟರೆ ಇಪ್ಪತ್ತೆರಡು ಅಡಿ ಆಯ್ತು. ಕೊಯ್ದ ಕೊನೆಗಳನ್ನ ಏನು ಮಾಡೋದು? ಇರ್ಫಾನ್ ಭಯ್ಯಾ, ತೋರಿಸಿ."

ಇರ್ಫಾನ್ ಚೀಲವೊಂದರಿಂದ ಎರಡು ಚೌಕ ಹಲಗೆಗಳನ್ನು ತೆಗೆದಿಟ್ಟ. ಎರಡಿಂಚು ದಪ್ಪ. ಒಂದು ಮುಖ ಹಳೆಯ ಬೂದುಬಣ್ಣ, ಇನ್ನೊಂದು ಸುಟ್ಟ ಕಪ್ಪು. ನಾನು ಕಾದ ಹೊಟ್ಟು ಅದೇ. ನನಗೆ ಸ್ವಲ್ಪ ಎದೆ ಉಬ್ಬಿತು.

"ಇದನ್ನ ಯಾರು ಬೇಕಾದ್ರೂ ಮಾಡಿರಬಹುದು. ಇರ್ಫಾನ್ ಮಾಡಿರಬಹುದು" ಎಂದ ವಿಕ್ರಮ್. ನಯವಾದ ದನಿ ಈಗ ಒಡೆದಿತ್ತು.

"ಇಲ್ಲಪ್ಪ. ಕೊಯ್ದವನು ಗೆರೆ ಹಾಕಿದ್ದು ಮೇಲಿನ ಒಂದೇ ಮಗ್ಗುಲಿಗೆ. ಅಂದ್ರೆ ಚಕ್ರ ಒಂದೇ ಎಳೆತಕ್ಕೆ ಹತ್ತಿಂಚೂ ದಾಟುತ್ತೆ ಅಂತ ನಂಬಿದ್ದ. ಆರಿಂಚಿಗೆ ನಿಂತಾಗ ಗಾಬರಿಯಾಗಿ ಒತ್ತಿ ಒತ್ತಿ ಮರ ಸುಟ್ಟ. ಆಮೇಲೆ ಹೊರಳಿಸಿ ಅಂದಾಜಿನ ಮೇಲೆ ಕೊಯ್ದ, ಮೆಟ್ಟಿಲು ಬಿತ್ತು. ಎರಡನೇ ತುಂಡಿಗೂ ಗೆರೆ ಮೊದಲೇ ಹಾಕಿ ಇಟ್ಟಿದ್ದ, ಅದಕ್ಕೂ ಅದೇ ಗತಿ. ಈ ಗರಗಸ ಆರಿಂಚೇ ಹೋಗೋದು ಅಂತ ಗುಂಡಣ್ಣನಿಗೆ ಗೊತ್ತು, ಇರ್ಫಾನ್‌ಗೆ ಗೊತ್ತು, ಅನಂತಮೂರ್ತಿಗಳಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ. ಅದನ್ನ ಕ್ಯಾಟಲಾಗಿನಲ್ಲಿ ಮಾತ್ರ ನೋಡಿದವನು. ಗೋಡೆಯ ಮೇಲೆ ಬರೆದು ಬೇರೆ ಅಂಟಿಸಿದಾನೆ."

ವಿಕ್ರಮ್ ಅಲ್ಲೇ ಇದ್ದ ದಿಮ್ಮಿಯ ಮೇಲೆ ಕುಸಿದ. "ಲೋಡ್ ಮಾಡೋವಾಗ ಫೋನ್‌ನಲ್ಲಿದ್ದೆ, ಮಾಮಾ. ಕೂಲಿಯವರು ಯಾವುದನ್ನ ಏರಿಸಿದ್ರು ಅಂತ ನೋಡಲೇ ಇಲ್ಲ. ಇನ್ನೊಂದು ತಪ್ಪು ಮಾಡಿದ್ರೆ ಈ ಬಾಗಿಲಿಗೆ ಬರಬೇಡ ಅಂದಿದ್ರಿ ನೀವು. ಏನ್ ಮಾಡಲಿ? ಗುಂಡಣ್ಣ ಹಳಬರು, ನೀವು ಬೈದು ಸುಮ್ಮನಾಗ್ತೀರಿ ಅಂದ್ಕೊಂಡೆ. ಪೊಲೀಸ್ ತನಕ ಹೋಗುತ್ತೆ ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲವಲ್ಲೋ!" ಎಂದು ನಾನೇ ಕೂಗಿಬಿಟ್ಟೆ. ತಡೆಯಲಾಗಲಿಲ್ಲ.

ಅನಂತಮೂರ್ತಿ ಸೋದರಳಿಯನ ಕಡೆ ನೋಡಲಿಲ್ಲ. ನೇರವಾಗಿ ಗುಂಡಣ್ಣನ ಮುಂದೆ ಬಂದು ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ತಪ್ಪಾಯ್ತು ಕಣೋ. ಇವನನ್ನ ಇವತ್ತೇ ಆಚೆ ಹಾಕ್ತೀನಿ. ನೀನು ನಾಳೆಯಿಂದ ಬಾ, ಎಲ್ಲ ಮೊದಲಿನ ಹಾಗೇ ಇರಲಿ."

ಗುಂಡಣ್ಣ ಕೈ ಬಿಡಿಸಿಕೊಳ್ಳಲಿಲ್ಲ. ಆ ಬಿರುಕನ್ನೇ ನೋಡುತ್ತ ಹೇಳಿದರು:

"ಹುಡುಗ ಹೆದರಿ ಮಾಡಿದ, ಯಜಮಾನ್ರೇ. ಅದು ನನಗೆ ಅರ್ಥ ಆಗುತ್ತೆ. ನೀವು ಉಳಿ ಹಿಡಿದವರು. ಬಾಗಿಲಿಂದ ಹತ್ತು ಹೆಜ್ಜೆ ಒಳಗೆ ಬಂದು ನೋಡಿದ್ರೆ, ಇದು ನನ್ನ ಕೊಯ್ತ ಅಲ್ಲ ಅಂತ ನಿಮಗೆ ತಕ್ಷಣ ಗೊತ್ತಾಗ್ತಿತ್ತು. ಇಪ್ಪತ್ತಾರು ವರ್ಷ ನನ್ನ ಕೊಯ್ತ ನೋಡಿದೀರಿ. ಆ ಹತ್ತು ಹೆಜ್ಜೆ ನೀವು ಬರಲಿಲ್ಲ."

ಅನಂತಮೂರ್ತಿ ಬಾಗಿಲ ಕಡೆ ತಿರುಗಿ ನೋಡಿದರು.

"ಆ ಅಮ್ಮನಿಗೆ ನಡೆದದ್ದು ನಡೆದ ಹಾಗೇ ಹೇಳಿ. ನಾಳೆ ನಾನು ಬರಲ್ಲ."

ಗುಂಡಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡರು. ಇರ್ಫಾನ್‌ನ ಭುಜ ತಟ್ಟಿ, ಮಗಳ ಜೊತೆ ಹೊರಗೆ ನಡೆದರು. "ಗುಂಡಣ್ಣಾ" ಎಂದು ಅನಂತಮೂರ್ತಿ ಎರಡು ಸಲ ಕೂಗಿದರು. ಸಿಂಚನಾ ಒಮ್ಮೆ ತಿರುಗಿ ನೋಡಿದಳು, ಗುಂಡಣ್ಣ ನೋಡಲಿಲ್ಲ.

ಹೋಗಿ ಸಮಾಧಾನ ಹೇಳಿ ಕರೆತನ್ನಿ ಎನ್ನುವ ಹಾಗೆ ಅನಂತಮೂರ್ತಿ ನನ್ನ ಮುಖ ನೋಡಿದರು. ನಾನು ಹೋಗಲಿಲ್ಲ. ಬೆಳಿಗ್ಗೆ ವಸಂತ್ ಕುಂಜ್‌ನಲ್ಲಿ ಕೂತು, ಗುಂಡಣ್ಣನ ಮುಖ ಕೂಡ ಕಾಣದೆ, ಇವನೇ ಅಪರಾಧಿ ಎಂದು ತೀರ್ಮಾನ ಮಾಡಿದವನು ನಾನು. ಯಾವ ಬಾಯಲ್ಲಿ ಕರೆಯಲಿ?